ಒಂದು ಲೋಟ ಅಕ್ಕಿಗೆ ಎರಡು ಲೋಟ ಬೆಲ್ಲ

ಅಡುಗೆಮನೆಗೆ ಡಿಜಿಟಲ್ ತಕ್ಕಡಿ ತಂದ ದಿನ ಅಮ್ಮ ಕೇಳಿದ್ದು ಒಂದೇ ಮಾತು. "ಏನು, ಚಿನ್ನದಂಗಡಿ ಇಡ್ತೀಯಾ?"

ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಲೋಟ, ಸೌಟು, ಹಿಡಿ, ಚಿಟಿಕೆ ಇಷ್ಟೇ ಅಳತೆ. ಅಮ್ಮನ ಕೈ ತಪ್ಪಿದ್ದು ನಾನು ನೋಡಿಲ್ಲ. ಅಂಥ ಅಡುಗೆಮನೆಯಲ್ಲಿ ನಿಂತು ನಾನು ಒಂದು ಅಚ್ಚು ಬೆಲ್ಲವನ್ನು ತಕ್ಕಡಿ ಮೇಲೆ ಇಟ್ಟೆ. 212 ಅಂತ ತೋರಿಸಿತು. ಚಾಕುವಿನಲ್ಲಿ ಕೆರೆದು ಕೆರೆದು 200ಕ್ಕೆ ತಂದೆ. ಕೆರೆದಿದ್ದನ್ನು ಬಾಯಿಗೆ ಹಾಕಿಕೊಂಡೆ. ಅಮ್ಮ ಏನೂ ಮಾತಾಡದೆ ಹೊರಗೆ ಹೋದರು.

ಇದೆಲ್ಲ ಶುರುವಾಗಿದ್ದು ಮುಳ್ಳಯ್ಯನಗಿರಿ ದಾರಿಯಲ್ಲಿ.

ಚಿಕ್ಕಮಗಳೂರಿನಲ್ಲಿ ಸೈಕಲ್ ತುಳಿಯೋರಿಗೆ ಸಪಾಟು ರಸ್ತೆ ಅನ್ನೋದು ಕಡಿಮೆ. ಒಂದೋ ಗಿರಿ ಕಡೆ ಹತ್ತಬೇಕು, ಇಲ್ಲ ಮಲೆನಾಡಿನ ಕಡೆ ಇಳಿದು, ವಾಪಸ್ ಬರುವಾಗ ಅದನ್ನೇ ಹತ್ತಬೇಕು. ಪೇಟೆ ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿ 1,930 ಮೀಟರ್. ಮಧ್ಯದ ಎಂಟುನೂರು ಚಿಲ್ಲರೆ ಮೀಟರನ್ನು ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಹತ್ತಿ ಮುಗಿಸಬೇಕು. ಕಾರಿನಲ್ಲಿ ಹೋಗೋರಿಗೆ ಅದು ಬರೀ ತಿರುವು.

ಆ ಭಾನುವಾರ ಮೊದಲು ಬಾಬಾಬುಡನ್‌ಗಿರಿ ಕಡೆ ಹೋಗಿ ಬಂದು, ಕೈಮರದ ಹತ್ತಿರ ಇಳಿದ ಮೇಲೆ, ಇನ್ನೂ ಒಂಬತ್ತು ಗಂಟೆಯಲ್ವಾ, ಇನ್ನೊಂದು ಸಲ ಹತ್ತಿಬಿಡೋಣ ಅಂತ ತಿರುಗಿಸಿದೆ. ಬೆಳಿಗ್ಗೆ ಹೊಟ್ಟೆಗೆ ಬಿದ್ದಿದ್ದು ಒಂದು ಲೋಟ ಕಾಫಿ ಮಾತ್ರ. ಖಾಲಿ ಹೊಟ್ಟೆಯಲ್ಲಿ ತುಳಿದರೆ ಕೊಬ್ಬು ಕರಗುತ್ತದೆ ಅಂತ ಯಾರೋ ಹೇಳಿದ್ದರು. ಬಾಟಲಿಯಲ್ಲಿ ಬರೀ ನೀರು.

ಮೊದಲು ಕಾಲು ಭಾರವಾಯಿತು. ಅದು ಹೊಸದಲ್ಲ. ಆಮೇಲೆ ಬೆರಳು ನಡುಗಲು ಶುರುವಾಯಿತು, ಗೇರ್ ಒತ್ತಲು ಆಗಲಿಲ್ಲ. ಬಿಸಿಲಿನಲ್ಲೂ ತಣ್ಣನೆ ಬೆವರು. ಎಲ್ಲಕ್ಕಿಂತ ವಿಚಿತ್ರ ಅಂದರೆ, ವಿನಾಕಾರಣ ಅಳು ಬಂತು. ರಸ್ತೆ ಪಕ್ಕ ಸೈಕಲ್ ಮಲಗಿಸಿ ಕೂತೆ. ಅಲ್ಲೇ ತೋಟದ ಕೆಲಸದ ಹೆಂಗಸರು ಟೀ ಹೊತ್ತಿಗೆ ಕೂತಿದ್ದರು. ಒಬ್ಬರು ನನ್ನ ಮುಖ ನೋಡಿ ಎದ್ದು ಬಂದರು. "ಎಂತ ಆಯ್ತಪ್ಪಾ? ಬೆಳಿಗ್ಗೆ ಏನೂ ತಿಂದಿಲ್ವಾ?" ಹೆಲ್ಮೆಟ್, ಕನ್ನಡಕ, ಬಿಗಿ ಬಟ್ಟೆ ಎಲ್ಲ ಇದ್ದರೂ ಅವರಿಗೆ ಕಂಡಿದ್ದು ಹಸಿದ ಹೊಟ್ಟೆ. ಸ್ಟೀಲ್ ಕ್ಯಾನಿನಿಂದ ಒಂದು ಲೋಟ ಬೆಲ್ಲದ ಕಾಫಿ ಬಗ್ಗಿಸಿ ಕೊಟ್ಟರು. ಹಾಲಿಲ್ಲದ್ದು, ಕಪ್ಪಗೆ, ಗಂಟಲು ಅಂಟುವಷ್ಟು ಸಿಹಿ. ಕಾಲು ಗಂಟೆಯಲ್ಲಿ ನಾನು ಮತ್ತೆ ಮನುಷ್ಯನಾದೆ. ಗಿರಿ ಹತ್ತಲಿಲ್ಲ ಬಿಡಿ, ಇಳಿದು ಮನೆಗೆ ಹೋದೆ.

ಸೈಕಲ್‌ನವರು ಇದಕ್ಕೆ 'ಬಾಂಕ್' ಅನ್ನುತ್ತಾರೆ. ಅಮ್ಮನ ಮಾತಿನಲ್ಲಿ, ಹೊಟ್ಟೆಗಿಲ್ಲದೆ ಕೈಕಾಲು ಸೋಲೋದು. ನಾವು ತಿಂದ ಅನ್ನ, ಸಕ್ಕರೆಯನ್ನು ದೇಹ ಗ್ಲೈಕೋಜನ್ ಅಂತ ಮಾಡಿ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ, ಇಟ್ಟುಕೊಳ್ಳುತ್ತದೆ. ಎಲ್ಲ ಸೇರಿ ಸುಮಾರು 500 ಗ್ರಾಂ, ಅಂದರೆ ಹೆಚ್ಚುಕಮ್ಮಿ 2,000 ಕ್ಯಾಲೊರಿ. ಜೋರಾಗಿ ತುಳಿದರೆ ಎರಡು, ಎರಡೂವರೆ ಗಂಟೆಯಲ್ಲಿ ಕಣಜ ಗುಡಿಸಿದ ಹಾಗೆ. ಮೈಯಲ್ಲಿ ಕೊಬ್ಬು ಬೇಕಾದಷ್ಟಿದೆ, ಆದರೆ ಅದು ಹಸಿ ಸೌದೆ ಇದ್ದಂತೆ, ಏರಿನಲ್ಲಿ ಬೇಕಾದ ವೇಗಕ್ಕೆ ಉರಿಯುವುದಿಲ್ಲ.

ಇದು ಗೊತ್ತಾಗಿ ನೂರು ವರ್ಷ ಆಯಿತು. 1924ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ ಕೆಲವು ಓಟಗಾರರ ರಕ್ತವನ್ನು ವೈದ್ಯರು ಪರೀಕ್ಷೆ ಮಾಡಿದರು. ತೀರಾ ಸುಸ್ತಾಗಿ, ಬಿಳಿಚಿಕೊಂಡು, ತಬ್ಬಿಬ್ಬಾಗಿದ್ದವರ ರಕ್ತದಲ್ಲಿ ಸಕ್ಕರೆ ಬಹಳ ಇಳಿದಿತ್ತು. ಮರುವರ್ಷ ಓಟಗಾರರಿಗೆ ದಾರಿಯಲ್ಲಿ ತಿನ್ನಲು ಕ್ಯಾಂಡಿ ಕೊಟ್ಟರು. ಆ ತೊಂದರೆ ಬರಲಿಲ್ಲ. ಇವತ್ತು ಅಂಗಡಿಯಲ್ಲಿ ಮಿಂಚುವ ಪೊಟ್ಟಣದಲ್ಲಿ ಸಿಗುವ ಜೆಲ್ಲಿನ, ಅಂದರೆ ತುಳಿಯುತ್ತಲೇ ಬಾಯಿಗೆ ಹಿಂಡಿಕೊಳ್ಳುವ ಸಿಹಿ ಪಾಕದ, ಮೂಲ ಅದೇ ಮಿಠಾಯಿ.

ನಾನೂ ಆ ಪೊಟ್ಟಣ ತರಿಸಿದೆ. ಹಿಂಬದಿಯ ಸಣ್ಣಕ್ಷರ ಓದಿದೆ. 25 ಗ್ರಾಂ ಕಾರ್ಬ್ (ಸಕ್ಕರೆ, ಪಿಷ್ಟದ ಅಂಶ), ಸ್ವಲ್ಪ ಉಪ್ಪು, ಹುಳಿ, ನೀರು, ವಾಸನೆ. ಬೆಲೆ ನೂರು ರೂಪಾಯಿಗೂ ಮೇಲೆ. ಉದ್ದದ ಸವಾರಿಗೆ ಗಂಟೆಗೆ 60 ಗ್ರಾಂ ಕಾರ್ಬ್ ಬೇಕು ಅಂತ ಲೆಕ್ಕ. ಐದು ಗಂಟೆಗೆ 300 ಗ್ರಾಂ, ಅಂದರೆ ಹನ್ನೆರಡು ಪೊಟ್ಟಣ. ಒಂದು ಭಾನುವಾರಕ್ಕೆ ಸಾವಿರದಿನ್ನೂರು ರೂಪಾಯಿ! ಅಷ್ಟೇ ಕಾರ್ಬ್ ಬೆಲ್ಲದಲ್ಲಿ ಬೇಕು ಅಂದರೆ ಒಂದು ಕೆಜಿಯ ಮೂರನೇ ಒಂದು ಪಾಲು ಸಾಕು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಬೆಲ್ಲ ಸಹಜ, ಸಕ್ಕರೆ ವಿಷ, ಬೆಲ್ಲದಲ್ಲಿ ಕಬ್ಬಿಣ ಇದೆ ಅನ್ನೋ ವಾಟ್ಸಾಪ್ ಪಾಠ ನನಗೆ ಒಪ್ಪಿಗೆಯಿಲ್ಲ. ಏರು ಹತ್ತುವ ಕಾಲಿಗೆ ಎರಡೂ ಒಂದೇ. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ನಾನು ಬೆಲ್ಲಕ್ಕೆ ಹೋಗಿದ್ದು ಅದರ ರುಚಿ ಐದನೇ ಗಂಟೆಯಲ್ಲೂ ವಾಕರಿಕೆ ತರಲ್ಲ ಅನ್ನೋ ಕಾರಣಕ್ಕೆ. ಇನ್ನೊಂದು ಕಾರಣ ಅಟ್ಟದ ಮೇಲಿದ್ದ ಡಬ್ಬ.

ಕೊಪ್ಪದ ಅತ್ತೆ ಮನೆಯಿಂದ ಆಲೆಮನೆ ಕಾಲ ಮುಗಿಯುವ ಹೊತ್ತಿಗೆ ಪ್ರತಿವರ್ಷ ಒಂದು ಡಬ್ಬ ಜೋನಿಬೆಲ್ಲ ಬರುತ್ತದೆ. ನಾವು ಅದನ್ನು ದೋಸೆಗೆ ಹಾಕಿಕೊಂಡು ತಿಂದು ಬೆಳೆದವರು. ಒಂದು ರಾತ್ರಿ ಅಂಗಡಿ ಜೆಲ್ಲನ್ನು ಒಂದು ತಟ್ಟೆಗೆ ಹಿಂಡಿ, ಪಕ್ಕದಲ್ಲಿ ಒಂದು ಚಮಚ ಜೋನಿಬೆಲ್ಲ ಸುರಿದೆ. ತಟ್ಟೆ ಓರೆ ಮಾಡಿದೆ. ಎರಡೂ ಒಂದೇ ನಿಧಾನದಲ್ಲಿ ಹರಿದವು. ನಗು ಬಂತು. ಜೋನಿಯಲ್ಲಿ ಮೂರನೇ ಒಂದು ಪಾಲಿನಷ್ಟು ನೀರು, ಉಳಿದದ್ದು ಹೆಚ್ಚುಕಮ್ಮಿ ಸಕ್ಕರೆಯೇ. ಹಾಗಾಗಿ 40 ಗ್ರಾಂ ಜೋನಿ ಅಂದರೆ ಒಂದು ಪೊಟ್ಟಣ. ಚಿಟಿಕೆ ಉಪ್ಪು ಸೇರಿಸಿದರೆ ಮುಗಿಯಿತು.

ಆದರೆ ಅತ್ತೆಯ ಡಬ್ಬವನ್ನು ಸೈಕಲ್ಲಿಗೆ ಖಾಲಿ ಮಾಡಿದರೆ ಮನೆಯಲ್ಲಿ ಉಳಿಗಾಲವಿಲ್ಲ. ಅಚ್ಚು ಬೆಲ್ಲದಿಂದಲೇ ಜೋನಿಯಂಥದ್ದನ್ನು ಮಾಡಬೇಕಾಯಿತು. ಆಗಲೇ ತಕ್ಕಡಿ ಬಂದಿದ್ದು.

ಮೊದಲ ಸಲ 200 ಗ್ರಾಂ ಬೆಲ್ಲ, ಅರ್ಧ ಲೋಟ ನೀರು. ಕರಗಿಸಿ, ಬಟ್ಟೆಯಲ್ಲಿ ಸೋಸಿದೆ. ಸೋಸೋದು ಬಿಡಬೇಡಿ, ಬಟ್ಟೆಯಲ್ಲಿ ಉಳಿದ ಮಣ್ಣು, ಕಬ್ಬಿನ ನಾರು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಮತ್ತೆ ಒಲೆಗಿಟ್ಟು ಕುದಿಸಿದೆ. ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡು ಒಂದೆಳೆ ಪಾಕ ಬರುವವರೆಗೆ ಬಿಟ್ಟೆ. ಬೆರಳ ಮಧ್ಯೆ ಎಳೆ ನಿಂತಾಗ ಹೆಮ್ಮೆಯಿಂದ ಇಳಿಸಿ, ಹಿಂಡುವ ಪುಟ್ಟ ಬಾಟಲಿಗೆ ತುಂಬಿಸಿದೆ. ಮರುದಿನ ಬೆಳಗಿನ ಚಳಿಯಲ್ಲಿ ಆಲ್ದೂರು ರಸ್ತೆಯಲ್ಲಿ ಹಿಂಡಿದರೆ ಏನೂ ಬರಲಿಲ್ಲ. ಮುಚ್ಚಳ ಬಿಚ್ಚಿ ನೋಡಿದೆ. ಒಳಗೆ ಮರಳು ಮರಳಾಗಿ, ಬರ್ಫಿ ಕೂತ ಹಾಗೆ ಕೂತಿತ್ತು. ಬೇಲಿಯಿಂದ ಒಂದು ಕಡ್ಡಿ ಮುರಿದು ಕೆದಕಿ ತಿಂದೆ.

ಮನೆಗೆ ಬಂದು ಹೇಳಿದರೆ ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ಜಾಮೂನಿನ ಪಾಕಕ್ಕೆ ನಾನು ನಿಂಬೆಹಣ್ಣು ಹಿಂಡೋದು ಯಾಕೆ ಅನ್ಕೊಂಡಿದ್ದೆ? ಸುಮ್ನೆನಾ?"

ಸುಮ್ನೆ ಅಲ್ಲ. ಸುಕ್ರೋಸ್ ಕಣಗಳು ಒಂದೇ ಥರ ಇರುವುದರಿಂದ ತಣ್ಣಗಾದಾಗ ಸಾಲಾಗಿ ಜೋಡಿಸಿಕೊಂಡು ಹರಳಾಗುತ್ತವೆ. ಹುಳಿ ಹಾಕಿ ಕುದಿಸಿದರೆ ಸ್ವಲ್ಪ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಬೇರೆ ಬೇರೆ ಆಕಾರದವು ಮಧ್ಯೆ ನುಗ್ಗಿ ಸಾಲು ಕೆಡಿಸುತ್ತವೆ. ಎರಡನೇ ಸಲ ಒಂದು ಚಮಚ ನಿಂಬೆರಸ ಹಾಕಿ ಕುದಿಸಿದೆ. ಬೆರಳಿಗೆ ಜಿಗುಟು ಹತ್ತಿತು, ಎಳೆ ಇನ್ನೂ ಬಂದಿಲ್ಲ ಅನ್ನುವಾಗ ಇಳಿಸಿದೆ. ಕೊನೆಗೆ 2 ಗ್ರಾಂ ಉಪ್ಪು. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 390 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಬೆವರಲ್ಲಿ ಹೋಗೋದಕ್ಕೆ ಅಷ್ಟಾದರೂ ಬೇಕು. ಆ ಸಲ ಬಾಟಲಿಯಿಂದ ಜೇನಿನ ಹಾಗೆ ಇಳಿಯಿತು.

ತಕ್ಕಡಿಯ ಉಪಯೋಗ ಇಲ್ಲಿದೆ. ಕುದಿದು ಎಷ್ಟು ನೀರು ಹೋಯಿತು, ಎಷ್ಟು ಉಳಿಯಿತು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹಾಕಿದ ಬೆಲ್ಲ ಎಲ್ಲೂ ಹೋಗಲ್ಲ. 200 ಗ್ರಾಂ ಬೆಲ್ಲದಲ್ಲಿ ಸುಮಾರು 180 ಗ್ರಾಂ ಸಕ್ಕರೆಯ ಅಂಶ. ಇಡೀ ಪಾಕವನ್ನು ತೂಗಿ ಏಳು ಸಮಪಾಲು ಮಾಡಿದರೆ ಒಂದೊಂದರಲ್ಲೂ 25 ಗ್ರಾಂ ಮೇಲೆ ಚೂರು. ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಬರುತ್ತದೆ. ಹೊರಗೆ ಮರೆತು ಮೂರು ದಿನ ಬಿಟ್ಟ ಬಾಟಲಿಯೊಂದರ ಮುಚ್ಚಳ ತೆಗೆದಾಗ 'ಬುಸ್' ಅಂತ ಶಬ್ದ ಬಂದು ಹೆಂಡದ ವಾಸನೆ ಹೊಡೆಯಿತು. ಅದನ್ನು ಗಿಡಕ್ಕೆ ಸುರಿದೆ.

ಎರಡು ತಿಂಗಳು ಇದರಲ್ಲೇ ನಡೆಯಿತು. ಆಮೇಲೆ ನಾಲಿಗೆ ಹಟ ಮಾಡಿತು. ಮೂರು ಗಂಟೆ ಆದ ಮೇಲೆ ಬರೀ ಪಾಕ ನುಂಗೋದು ಅಂದರೆ ಮದುವೆಮನೆಯಲ್ಲಿ ಜಿಲೇಬಿ ಪಂದ್ಯ ಕಟ್ಟಿದ ಹಾಗೆ. ಅಗಿಯಲು ಏನಾದರೂ ಬೇಕು ಅನ್ನಿಸುತ್ತಿತ್ತು. ಯುರೋಪಿನ ವೃತ್ತಿಪರ ಸೈಕಲ್ ತಂಡಗಳವರು ಅನ್ನವನ್ನು ಅಚ್ಚು ಹಾಕಿ, ಕತ್ತರಿಸಿ, ಜೇಬಲ್ಲಿಟ್ಟುಕೊಂಡು ತಿನ್ನುತ್ತಾರೆ ಅಂತ ಓದಿದೆ. ಅನ್ನವನ್ನಾ? ನಾವು ಮೂರು ಹೊತ್ತು ತಿನ್ನೋದು ಅದನ್ನೇ ಅಲ್ವಾ!

ಮೊದಲು ರಾಗಿ ಹುರಿಹಿಟ್ಟಿನ ಉಂಡೆ ಮಾಡಿ ನೋಡಿದ್ದೆ, ಅದನ್ನು ಮರೆಯುವುದು ಬೇಡ. ಹಾಸನದ ಕಡೆಯ ಗೆಳೆಯನೊಬ್ಬನ ಸಲಹೆ. ಮನೆಯಲ್ಲಿ ಕೂತು ತಿನ್ನಲು ಅದರಂಥ ರುಚಿ ಇಲ್ಲ. ಏರಿನಲ್ಲಿ ಏದುಸಿರು ಬಿಡುತ್ತಾ ಒಂದು ತುಂಡು ಬಾಯಿಗೆ ಹಾಕಿದೆ, ಹಿಟ್ಟು ಗಂಟಲಿಗೆ ಅಡರಿ ಕಣ್ಣಲ್ಲಿ ನೀರು ಬಂತು. ಒಂದು ಬಾಟಲಿ ನೀರು ಅಲ್ಲೇ ಮುಗಿಯಿತು. ನಾರು ಜಾಸ್ತಿ ಬೇರೆ. ದಿನನಿತ್ಯಕ್ಕೆ ಒಳ್ಳೆಯದು ಅಂತ ಡಾಕ್ಟರು ಹೇಳುವ ಬಹುತೇಕ ಗುಣಗಳು ಸೈಕಲ್ ಮೇಲೆ ಕಾಟ ಕೊಡುತ್ತವೆ. ನಾರು ಬೇಡ, ಕೊಬ್ಬು ಬೇಡ, ಬೇಗ ಜೀರ್ಣವಾಗಿ ರಕ್ತಕ್ಕೆ ಸೇರಬೇಕು. ಬಿಳಿ ಅನ್ನ ಮತ್ತು ಬೆಲ್ಲ, ಅಷ್ಟೇ.

"ಅಮ್ಮಾ, ಬೆಲ್ಲದನ್ನಕ್ಕೆ ಅಳತೆ ಏನು?"

"ಒಂದು ಲೋಟ ಅಕ್ಕಿಗೆ ಎರಡು ಲೋಟ ಬೆಲ್ಲದ ಪುಡಿ. ತುಪ್ಪ ಕೈ ತಡೆಯಬಾರದು."

"ತುಪ್ಪ ಬೇಡ. ಉಪ್ಪು ಹಾಕು."

ಅಮ್ಮ ಸೌಟು ಕೆಳಗಿಟ್ಟರು. "ತುಪ್ಪ ಇಲ್ಲದ ಬೆಲ್ಲದನ್ನ ನಾನು ಮಾಡಲ್ಲ. ನೀನೇ ಮಾಡ್ಕೋ."

ನಾನೇ ಮಾಡಿಕೊಂಡೆ. ಅಭ್ಯಾಸ ಬಲ ನೋಡಿ, ಅಮ್ಮನ ಲೋಟವನ್ನೂ ತೂಗಿದೆ. ಒಂದು ಲೋಟ ಅಕ್ಕಿ 180 ಗ್ರಾಂ. ಎರಡು ಲೋಟ ಬೆಲ್ಲದ ಪುಡಿ 330 ಗ್ರಾಂ. ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಾ ಹೋದವನು ಅರ್ಧದಲ್ಲಿ ಪೆನ್ನು ನಿಲ್ಲಿಸಿದೆ.

ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಕರುಳಿನ ಕಥೆ ಹೇಳಬೇಕು. ಎಷ್ಟೇ ತಿಂದರೂ ಗ್ಲೂಕೋಸನ್ನು ಕರುಳು ಗಂಟೆಗೆ ಸುಮಾರು 60 ಗ್ರಾಂಗಿಂತ ಜಾಸ್ತಿ ಒಳಗೆ ಬಿಡುವುದಿಲ್ಲ. ಅದರ ಬಾಗಿಲು ಅಷ್ಟೇ ಅಗಲ. ಫ್ರಕ್ಟೋಸ್ ಬರುವುದು ಬೇರೆ ಬಾಗಿಲಿನಿಂದ, ಹಿತ್ತಿಲ ಕಡೆಯಿಂದ ಅನ್ನಿ. ಎರಡನ್ನೂ ಸೇರಿಸಿ ಕೊಟ್ಟರೆ ಗಂಟೆಗೆ 90 ಗ್ರಾಂ ತನಕ ಬಳಸಿಕೊಳ್ಳಬಹುದು ಅಂತ 2004ರ ಆಸುಪಾಸಿನಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಆಸ್ಕರ್ ಯೂಕೆಂಡ್ರುಪ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಎರಡು ಪಾಲು ಗ್ಲೂಕೋಸ್, ಒಂದು ಪಾಲು ಫ್ರಕ್ಟೋಸ್. ಬಹಳ ಕಾಲ ಜೆಲ್ ಕಂಪನಿಗಳೆಲ್ಲ ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದುಕೊಂಡಿದ್ದು ಇದನ್ನೇ. ಈಗೀಗ ಫ್ರಕ್ಟೋಸ್ ಪಾಲನ್ನು ಇನ್ನೂ ಏರಿಸಿದ್ದಾರೆ.

ಅನ್ನದ ಪಿಷ್ಟ ಕರುಳಿನಲ್ಲಿ ಪೂರ್ತಿ ಗ್ಲೂಕೋಸ್ ಆಗುತ್ತದೆ. 180 ಗ್ರಾಂ ಅಕ್ಕಿಯಿಂದ ಸುಮಾರು 144 ಗ್ರಾಂ. ಬೆಲ್ಲ ಒಡೆದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. 330 ಗ್ರಾಂ ಬೆಲ್ಲದಿಂದ ಎರಡೂ ತಲಾ 148 ಗ್ರಾಂನಷ್ಟು. ಕೂಡಿಸಿದರೆ ಗ್ಲೂಕೋಸ್ 292, ಫ್ರಕ್ಟೋಸ್ 148. ಎರಡಕ್ಕೆ ಒಂದು!

ನಮ್ಮ ಅಜ್ಜಿಯರಿಗೆ ಎಲ್ಲ ಮೊದಲೇ ಗೊತ್ತಿತ್ತು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಅಜ್ಜಿಗೆ ಗೊತ್ತಿದ್ದಿದ್ದು ಹಬ್ಬದ ದಿನ ಮೊಮ್ಮಕ್ಕಳು ತಟ್ಟೆ ನೆಕ್ಕಬೇಕು ಅನ್ನೋದು. ಅದು ಕಾಕತಾಳೀಯ. ಅದಕ್ಕಿಂತ ಹೆಚ್ಚಾಗಿ, ಗಂಟೆಗೆ 60 ಗ್ರಾಂ ತಿನ್ನುವ ನನ್ನಂಥವನಿಗೆ ಈ ಅನುಪಾತದಿಂದ ದೊಡ್ಡ ವ್ಯತ್ಯಾಸವೂ ಆಗುವುದಿಲ್ಲ, 90ಕ್ಕೆ ಹೋಗುವವರಿಗೆ ಮಾತ್ರ. ಆದರೂ ಆ ರಾತ್ರಿ ಪುಸ್ತಕ ತಗೊಂಡು ಹೋಗಿ ಅಮ್ಮನಿಗೆ ತೋರಿಸಿದೆ. ಅಮ್ಮ ಟಿವಿಯಿಂದ ಕಣ್ಣು ತೆಗೆಯದೆ "ಹೂಂ" ಅಂದರು.

ಮಾಡುವ ರೀತಿ ಸುಲಭ. 50 ಗ್ರಾಂ ಅಕ್ಕಿಯನ್ನು ಸ್ವಲ್ಪ ಮೆತ್ತಗೆ ಬೇಯಿಸಿ, ಸೋಸಿದ 100 ಗ್ರಾಂ ಬೆಲ್ಲದ ನೀರಿಗೆ ಹಾಕಿ, ತಳ ಬಿಡುವವರೆಗೆ ಕೈಯಾಡಿಸಬೇಕು. ಉಪ್ಪು, ಏಲಕ್ಕಿ. ಹಿತ್ತಿಲಿನ ಬಾಳೆ ಎಲೆಯನ್ನು ಒಲೆ ಮೇಲೆ ಬಾಡಿಸಿದರೆ ಹರಿಯದೆ ಬಗ್ಗುತ್ತದೆ. ಐದು ಪಾಲು ಮಾಡಿ ಕಟ್ಟಿದರೆ ಒಂದೊಂದು ಪೊಟ್ಟಣದಲ್ಲಿ 26 ಗ್ರಾಂ ಕಾರ್ಬ್. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಲ್ಲಿ ಬಿಚ್ಚಬಹುದು. ಎಲೆ ಬೇಲಿ ಬದಿಗೆ ಎಸೆದರೆ ಯಾರ ಶಾಪವೂ ತಟ್ಟುವುದಿಲ್ಲ. ಅದೇ ದಿನ ತಿಂದು ಮುಗಿಸಬೇಕು, ಅನ್ನ ಹಳಸುತ್ತದೆ.

ಪಾನಕದ ವಿಷಯದಲ್ಲಿ ನಾನು ದಡ್ಡತನ ಮಾಡಿದೆ. ರಾಮನವಮಿ ಪಾನಕ ಬಾಟಲಿಗೆ ಹಾಕಿಕೊಂಡು ಹೋದರೆ ಆಯಿತು ಅಂದುಕೊಂಡೆ. ದೇವಸ್ಥಾನದ ಪಾನಕ ಒಂದು ಲೋಟ ಕುಡಿಯಲು ಮಾಡಿದ್ದು, ಒಂದು ಲೀಟರ್ ಕುಡಿಯಲು ಅಲ್ಲ. ಅಷ್ಟು ಸಿಹಿ ಹೊಟ್ಟೆಯಲ್ಲಿ ಇದ್ದರೆ ದೇಹ ಅದನ್ನು ತೆಳು ಮಾಡಲು ಕರುಳಿಗೆ ನೀರು ಎಳೆದುಕೊಳ್ಳುತ್ತದೆ. ಬಾಯಾರಿಕೆ ಹೋಗಲಿಲ್ಲ, ಹೊಟ್ಟೆ ಮಾತ್ರ ಗುಡುಗುಡು ಅಂದಿತು. ಮೂಡಿಗೆರೆ ರಸ್ತೆಯ ಒಂದು ತೋಟದ ಗೇಟಿನ ಹತ್ತಿರ ಆಗಿದ್ದನ್ನು ಇಲ್ಲಿ ವಿವರಿಸುವುದಿಲ್ಲ. ಈಗ ಒಂದು ಲೀಟರಿಗೆ 60 ಗ್ರಾಂ ಬೆಲ್ಲ, ನಿಂಬೆ, ಒಂದು ಗ್ರಾಂ ಉಪ್ಪು. ಮೆಣಸು, ಶುಂಠಿ ಬಿಟ್ಟಿದ್ದೇನೆ. ಔಷಧಿ ಅಂಗಡಿಯ ಓಆರ್‌ಎಸ್ ಇದಕ್ಕೆ ಬದಲಿ ಅಲ್ಲ. ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುವ ಅದು ನೀರು, ಉಪ್ಪು ವಾಪಸ್ ತುಂಬಲು ಮಾಡಿದ್ದು, ಕಾಲಿಗೆ ಶಕ್ತಿ ಕೊಡಲು ಅಲ್ಲ.

ಹೊಟ್ಟೆಗೂ ತಾಲೀಮು ಬೇಕು. ಮೊದಲ ದಿನವೇ ಗಂಟೆಗೆ 60 ಗ್ರಾಂ ಸುರಿದರೆ ಅದು ತಿರುಗಿ ಬೀಳುತ್ತದೆ. ನಾನು 30ರಿಂದ ಶುರು ಮಾಡಿ ತಿಂಗಳುಗಟ್ಟಲೆ ಏರಿಸಿದೆ. ಇದೆಲ್ಲ ತುಳಿಯುವಾಗಿನ ಮಾತು. ಸೋಫಾ ಮೇಲೆ ಕೂತು ತಿಂದರೆ ಅದು ಬರೀ ಸಿಹಿತಿಂಡಿ.

ಸಿಹಿ ಪೂರ್ತಿ ಸಾಕಾದ ದಿನಕ್ಕೆ ಹಾಸನದ ಆಲೂಗಡ್ಡೆ ಇದೆ. ಬೇಯಿಸಿ, ಸಿಪ್ಪೆ ಸುಲಿದು, ಉಪ್ಪು ಹಚ್ಚಿ. 2019ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 12 ಸೈಕಲ್ ಸವಾರರಿಗೆ ಆಲೂಗಡ್ಡೆ ನುಣ್ಣಗೆ ಅರೆದು ಕೊಟ್ಟು ನೋಡಿದರು, ಜೆಲ್ ತಿಂದಷ್ಟೇ ಚೆನ್ನಾಗಿ ತುಳಿದರು. ಅಧ್ಯಯನಕ್ಕೆ ದುಡ್ಡು ಕೊಟ್ಟಿದ್ದು ಆಲೂಗಡ್ಡೆ ಉದ್ಯಮದ ಸಂಘ ಅನ್ನೋದನ್ನೂ ಹೇಳಬೇಕಲ್ಲ. ಹೊಟ್ಟೆ ಉಬ್ಬರ ಜಾಸ್ತಿ ಇತ್ತು ಅಂತ ಅವರೇ ಬರೆದಿದ್ದಾರೆ. ಸಹಜವೇ, 60 ಗ್ರಾಂ ಕಾರ್ಬಿಗೆ 300 ಗ್ರಾಂ ಮೇಲೆ ಆಲೂಗಡ್ಡೆ ತಿನ್ನಬೇಕು. ನಾನು ಒಂದೇ ಒಂದು ಒಯ್ಯುತ್ತೇನೆ, ನಾಲಿಗೆಯ ಸಮಾಧಾನಕ್ಕೆ.

ಇನ್ನು ಕಾಫಿ. ಕಾಫಿ ನಾಡಿನಲ್ಲಿದ್ದು ಕೆಫೀನ್ ಜೆಲ್ಲಿಗೆ ದುಡ್ಡು ಕೊಡೋದು ಅವಮಾನ ಅನ್ನಿಸಿ, ಬೆಲ್ಲ ಕರಗಿಸಲು ನೀರಿನ ಬದಲು ಡಿಕಾಕ್ಷನ್ ಹಾಕಿದೆ. ರುಚಿ ನೇರವಾಗಿ ಆ ತೋಟದ ಹೆಂಗಸಿನ ಲೋಟಕ್ಕೆ ಹೋಯಿತು. ಆದರೆ ಇಲ್ಲಿ ತಕ್ಕಡಿ ಕೈಕೊಡುತ್ತದೆ. ಅರೇಬಿಕಾಗಿಂತ ರೊಬಸ್ಟಾದಲ್ಲಿ ಕೆಫೀನ್ ಸುಮಾರು ಎರಡರಷ್ಟು, ಚಿಕೋರಿಯಲ್ಲಿ ಇಲ್ಲವೇ ಇಲ್ಲ. ನಮ್ಮ ಮನೆಯ ಪುಡಿ ಮೂರರ ಮಿಶ್ರಣ. ಹಾಗಾಗಿ ಅದನ್ನು ಕೊನೆಯ ಏರಿಗೆ ಒಂದೇ ಗುಟುಕು ಅಂತ ಇಟ್ಟುಕೊಂಡಿದ್ದೇನೆ. ಅಂದಹಾಗೆ ಅವತ್ತು ಆ ಕಾಫಿ ಹೊಟ್ಟೆಗಿಳಿಯುವ ಮೊದಲೇ ಜೀವ ಬಂದ ಹಾಗಾಗಿದ್ದು ಭ್ರಮೆಯಲ್ಲ. ಸಕ್ಕರೆ, ಪಿಷ್ಟದ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗಿದರೂ ಒಂದು ಗಂಟೆಯ ಸವಾರಿ ಚುರುಕಾಗುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಬಾಯಿಯೇ ಮೆದುಳಿಗೆ ಮೊದಲೇ ಸುದ್ದಿ ಮುಟ್ಟಿಸುತ್ತದೆ.

ಹೋದ ತಿಂಗಳು ಬಾಳೆಹೊನ್ನೂರಿಗೆ ಹೋಗಿದ್ದೆ. ಹೋಗಿ ಬರಲು ನೂರು ಕಿಲೋಮೀಟರ್ ಆಸುಪಾಸು. ಭದ್ರಾ ನದಿ ಕಾಣುವ ಕಡೆ ಸೈಕಲ್ ಒರಗಿಸಿ ಒಂದು ಪೊಟ್ಟಣ ಬಿಚ್ಚಿದೆ. ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಬಾಳೆ ಎಲೆ, ಅದರೊಳಗಿನ ಬೆಲ್ಲದನ್ನ ನೋಡಿ ಹತ್ತಿರ ಬಂದರು.

"ಯಾವ ದೇವಸ್ಥಾನದ ಪ್ರಸಾದ?"

ವಿವರಿಸಲು ಹೋದರೆ ಗ್ಲೈಕೋಜನ್‌ನಿಂದ ಶುರು ಮಾಡಬೇಕು. "ಮನೇದೇ, ತಗೊಳ್ಳಿ" ಅಂತ ಇನ್ನೊಂದು ಪೊಟ್ಟಣ ಚಾಚಿದೆ. ಅವರು ಚಪ್ಪಲಿ ಬಿಟ್ಟು, ಎರಡೂ ಕೈಯಲ್ಲಿ ತಗೊಂಡು, ಕಣ್ಣಿಗೆ ಒತ್ತಿಕೊಂಡರು. ಒಂದು ತುತ್ತು ಬಾಯಿಗೆ ಹಾಕಿದರು. ಅಗಿಯೋದು ನಿಧಾನವಾಯಿತು. ನನ್ನ ಮುಖ ನೋಡಿದರು, ಎಲೆ ನೋಡಿದರು.

"ಪ್ರಸಾದಕ್ಕೆ ಉಪ್ಪು ಹಾಕ್ತಾರಾ ಮಾರಾಯ್ರೆ?"